ಥಂಡಿ ನೆಲದ ಪುಂಡಿಪಲ್ಯ

ತಂಬ್ರಹಳ್ಳಿಯ ಗಾದೆಮ್ಮನ ಕೈಗುಣದ ಬಗ್ಗೆ ಊರಲ್ಲಿ ಯಾರೂ ಎರಡು ಮಾತಾಡುತ್ತಿರಲಿಲ್ಲ. ಆಕೆಯೇ ಆ ಬಗ್ಗೆ ಸಾಕಷ್ಟು ಮಾತಾಡುತ್ತಿದ್ದುದರಿಂದ ಉಳಿದವರಿಗೆ ಅವಕಾಶವೂ ಇರಲಿಲ್ಲ ಅನ್ನಿ. ಅಪ್ಪನ ಒಂದೂವರೆ ಎಕರೆಯಲ್ಲಿ ಬದನೆ, ಮೆಣಸಿನಕಾಯಿ, ರಾಜಗಿರಿ, ಪುಂಡಿಪಲ್ಯವೆಂಬ ಹುಳಿಸೊಪ್ಪು ಬೆಳೆದು ಹಗರಿಬೊಮ್ಮನಹಳ್ಳಿ ಸಂತೆಗೆ ಹೊತ್ತುಕೊಂಡು ಹೋಗುವ ಮನೆತನ ಅವರದು. ಅಣ್ಣ ಹಾಕಿದ ಮಡಿಯಲ್ಲಿ ಪುಂಡಿ ಮೊಣಕಾಲುದ್ದ ಬಂದರೆ ಗಾದೆಮ್ಮ ಹಾಕಿದ್ದು ಸೊಂಟದುದ್ದ ಬರುತ್ತಿತ್ತು. ಹೇಗೆ ಎಂದು ಕೇಳಿದವರಿಗೆ ಆಕೆ ಬೀಜ ನೆನೆಹಾಕುವಲ್ಲಿಂದ ಶುರುಮಾಡಿ ಕೊಯ್ಲಿನವರೆಗೆ ಹೇಳುತ್ತಿದ್ದಳು. ಕೇಳಿದವರು ಕೂತ ಜಾಗದಲ್ಲೇ ಒಂದು ಸಲ ತೂಕಡಿಸಿ ಎದ್ದರೂ ಮಾತು ಮಾತ್ರ ಇನ್ನೂ ಎರಡನೆಯ ಕಳೆಯ ಹತ್ತಿರವೇ ಇರುತ್ತಿತ್ತು.

ಇಂಥವಳನ್ನು ಕುರಿಯವರ ಮನೆಗೆ ಕೊಟ್ಟರು. ಕುರಿಯವರೆಂದರೆ ಬೇರೆ ಯಾರೋ ಅಲ್ಲ, ಸೋದರತ್ತೆ ದ್ಯಾಮಕ್ಕನ ಮನೆಯೇ, ಕೂಡ್ಲಿಗಿ ಕಡೆಯ ಒಂದು ಹಟ್ಟಿಯಲ್ಲಿ. ದ್ಯಾಮಕ್ಕನ ಮಗ ಯರ್ರೆಪ್ಪ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮಂದೆ ಹೊಡೆದುಕೊಂಡು ಕೊಟ್ಟೂರು, ಹಡಗಲಿ ದಾಟಿ ಮೈಲಾರದ ಹೊಳೆಸಾಲಿನವರೆಗೂ ಹೋದವನು. ದಾರಿಯಲ್ಲಿ ರೈತರು ಕರೆದು ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿಸಿಕೊಳ್ಳುತ್ತಿದ್ದರು. ಮಂದೆ ಹೊಲದಲ್ಲಿ ಮಲಗಿ ಎದ್ದರೆ ಗೊಬ್ಬರ ಹೊರುವ ಕೆಲಸ ಉಳಿಯಿತಲ್ಲ. ಮದುವೆಯಾದ ಹೊಸತರಲ್ಲಿ ಯರ್ರೆಪ್ಪ ಆ ದಿನಗಳ ಕತೆ ಹೇಳುತ್ತಿದ್ದ. ಮಾಗಿಯ ಚಳಿಯಲ್ಲಿ ಅಪ್ಪ ತನ್ನನ್ನು ದೊಡ್ಡಿಯ ಕುರಿಹಿಕ್ಕೆಯ ರಾಶಿಯ ಮೇಲೆ ಮಲಗಿಸಿ ಕಂಬಳಿ ಹೊದಿಸುತ್ತಿದ್ದುದನ್ನೂ, ಕೆಳಗಿನಿಂದ ಒಲೆಯಂಥ ಕಾವು ಬರುತ್ತಿದ್ದುದನ್ನೂ ಹೇಳುತ್ತಿದ್ದ. ಗಾದೆಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅವನು ಅದಕ್ಕೂ ನಗುತ್ತಿದ್ದ.

ಮದುವೆಯ ಎರಡನೆಯ ವರ್ಷ ಯರ್ರೆಪ್ಪನಿಗೆ ರಸ್ತೆ ಕಟ್ಟುವ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಕೆಲಸ ಸಿಕ್ಕಿತು. ಲಡಾಖಿನಲ್ಲಿ, ಲೇಹ್‌ನಿಂದ ಮೂರು ತಾಸಿನ ದಾರಿಯ ಒಂದು ಕಣಿವೆಯ ಕ್ಯಾಂಪಿಗೆ ಹಾಕಿದರು. ವರ್ಷಕ್ಕೊಂದು ರಜೆ. ಆ ರಜೆಯಲ್ಲಿ ಅರ್ಧ ದಿನಗಳು ರೈಲಿಗೇ ಹೋಗುತ್ತಿದ್ದವು. ಮಕ್ಕಳಾಗಲಿಲ್ಲ. ಅದರ ಮಾತನ್ನು ಇಬ್ಬರೂ ನಿಲ್ಲಿಸಿ ಬಹಳ ವರ್ಷಗಳಾಗಿದ್ದವು. ಉಳಿದದ್ದು ಫೋನು. ಆ ಫೋನಿನಲ್ಲಿ ಊಟ ಆಯ್ತಾ, ಆಯ್ತು, ಮಳಿ ಬಂತಾ, ಇಲ್ಲ ಎಂಬಲ್ಲಿಗೆ ಮಾತು ಮುಗಿದುಹೋಗಿ, ಎರಡೂ ಕಡೆ ಉಸಿರು ಕೇಳಿಸುತ್ತಿತ್ತು. ಯರ್ರೆಪ್ಪ ಮೊದಲಿನಿಂದಲೂ ಕೇಳುವವನೇ ಹೊರತು ಹೇಳುವವನಲ್ಲ. ಗಾದೆಮ್ಮನಿಗೆ ಅವನ ರಸ್ತೆ, ಡಾಂಬರು, ಹಿಮದ ಬಗ್ಗೆ ಕೇಳುವುದಕ್ಕೇನೂ ತೋಚುತ್ತಿರಲಿಲ್ಲ.

ಹೀಗಿರುವಾಗ ಒಂದು ವರ್ಷ ಯರ್ರೆಪ್ಪ ರಜೆ ಮುಗಿಸಿ ಹೊರಡುವಾಗ ಹಾಲುಪುಡಿಯ ಖಾಲಿ ಡಬ್ಬಿಯಲ್ಲಿ ಪುಂಡಿ ಬೀಜ ತುಂಬಿಸಿಕೊಂಡು ಹೋದ. ಅಲ್ಲಿ ಪುಂಡಿಪಲ್ಯ ಬೆಳೆದು ಉಣ್ಣುವ ಆಸೆ ಅಂದ. ಹೋದವನು ಫೋನು ಮಾಡಿ ಹೇಗೆ ಹಾಕಲಿ ಎಂದು ಕೇಳಿದ. ಸಿಕ್ಕಿತಲ್ಲ ಗಾದೆಮ್ಮನಿಗೆ ವಿಷಯ. ಬಿಸಿಲಿಗೆ ಹಾಕಬೇಡ, ಸುಟ್ಟುಹೋಗ್ತಾವ, ಗೋಡೆಯ ನೆರಳಿಗೆ ಹಾಕು. ಗೇಣುದ್ದ ತಗ್ಗು ತೋಡು, ಆ ಗುಣಿಯಲ್ಲಿ ಬೀಜ ಬಿಡು, ನೀರು ನಿಲ್ಲಬೇಕು. ನೀರನ್ನು ಸಂಜೆಗೇ ಬಿಡು, ರಾತ್ರಿಯೆಲ್ಲ ಹಸಿ ಇರಬೇಕು. ಅರ್ಧ ತಾಸು ಹೇಳಿದಳು. ಅವನು ಹ್ಞೂಂ ಹ್ಞೂಂ ಎಂದು ಕೇಳಿದ.

ಬೀಜ ಕೊಳೆತವು. ಮರುವರ್ಷ ಕೇಳಿದ, ಮತ್ತೆ ಹೇಳಿದಳು, ಮತ್ತೆ ಕೊಳೆತವು. ಆರು ವರ್ಷ ಇದೇ ಆಯಿತು. ಪ್ರತಿ ವೈಶಾಖದಲ್ಲಿ ಅವನ ಫೋನು ಬರುವುದು, ಈಕೆ ನೆನೆಹಾಕುವಲ್ಲಿಂದ ಶುರುಮಾಡುವುದು. ದ್ಯಾಮಕ್ಕ ಪಕ್ಕದಲ್ಲಿ ಕೂತು ನೂಲುತ್ತ, ನನ್ನ ಮಗ ಅಷ್ಟು ದೂರ ಹೋಗಿ ಇವಳ ಪಲ್ಯದ ಪಾಠ ಕೇಳ್ತಾನ ನೋಡು ಎಂದು ಗೊಣಗುತ್ತಿದ್ದಳು. ಆರನೆಯ ವರ್ಷ ಅವನ ಫೋನು ಬಂದ ದಿನ ಗಾದೆಮ್ಮನಿಗೆ ತಲೆ ಕೆಟ್ಟಿತ್ತು. ಏನು ಕಾರಣವೋ, ಆಕೆಗೇ ಈಗ ನೆನಪಿಲ್ಲ.

"ಈ ಸಲಾನೂ ಕೊಳತು ಹೋದ್ವು ನೋಡು," ಎಂದ ಯರ್ರೆಪ್ಪ. "ಏನ್ ತಪ್ಪು ಮಾಡಾಕತ್ತೀನಿ ನಾನು?"

"ನಿಂದು ಕುರಿ ಕಾಯೋ ಕೈ. ಆ ಕೈಗೆ ಪಲ್ಯ ಬರಂಗಿಲ್ಲ. ಸುಮ್ಮನ ಬಿಡು ಅದನ್ನ."

ಅವನು ಹೌದು ಬಿಡು ಅಂದ. ಅದಾದ ಮೇಲೆ ಪುಂಡಿಯ ಮಾತು ಎತ್ತಲಿಲ್ಲ. ಊಟ ಆಯ್ತಾ, ಆಯ್ತು, ಅಷ್ಟೇ. ಆ ಚಳಿಗಾಲದಲ್ಲಿ ಅವನ ಎದೆಯಲ್ಲಿ ನೀರು ತುಂಬಿ, ಎತ್ತರದ ಹವೆಗೆ ಎರಡೇ ದಿನದಲ್ಲಿ ತೀರಿಕೊಂಡ. ಪೆಟ್ಟಿಗೆ ವಿಮಾನದಲ್ಲಿ ಬಂತು, ಆಮೇಲೆ ಲಾರಿಯಲ್ಲಿ ಅವನ ಟ್ರಂಕು ಬಂತು. ಟ್ರಂಕಿನಲ್ಲಿ ಎರಡು ಜೊತೆ ಖಾಕಿ ಬಟ್ಟೆ, ಊರಿಂದ ಒಯ್ದಿದ್ದ ಕರಿ ಕಂಬಳಿ, ದಾರದಿಂದ ಬಾಯಿ ಕಟ್ಟಿದ ಹಾಲುಪುಡಿ ಡಬ್ಬಿ. ಡಬ್ಬಿಯಲ್ಲಿ ಒಂದು ಮುಷ್ಟಿ ಪುಂಡಿ ಬೀಜ ಉಳಿದಿತ್ತು.

ಅನುಕಂಪದ ಮೇಲೆ ಇಲಾಖೆ ಗಾದೆಮ್ಮನಿಗೆ ಕೆಲಸ ಕೊಟ್ಟಿತು. ಕರ್ನಾಟಕದ ಹತ್ತಿರ ಜಾಗ ಖಾಲಿಯಾಗುವವರೆಗೆ ಕಾಯಬಹುದು, ಇಲ್ಲವಾದರೆ ಗಂಡನಿದ್ದ ಕ್ಯಾಂಪಿನಲ್ಲೇ ಆಫೀಸಿನ ಕೆಲಸದವಳಾಗಿ ಮೂರು ಬೇಸಿಗೆಯ ಮಟ್ಟಿಗೆ ಈಗಲೇ ಹೋಗಬಹುದು ಎಂದರು. ಗಾದೆಮ್ಮ ಹೋಗುತ್ತೇನೆ ಅಂದಳು. ತಂಬ್ರಹಳ್ಳಿಯಿಂದ ಅಣ್ಣ ಬಂದು ಬೈದ. ಹಟ್ಟಿಯವರು ಬುದ್ಧಿ ಹೇಳಿದರು. ದ್ಯಾಮಕ್ಕ ಮಾತ್ರ ಮಗನ ಕಂಬಳಿಯನ್ನು ಒಗೆದು ಒಣಗಿಸಿ ಮಡಿಸಿಕೊಟ್ಟಳು. ಎಲ್ಲರಿಗೂ ಗಾದೆಮ್ಮ ಕೆಲಸದ ಕಾರಣ ಹೇಳಿದಳು. ಒಳಗೆ ಇದ್ದದ್ದು ಬೇರೆ. ಅವನು ಕೊನೆಗೆ ಕೇಳಿದ ಪ್ರಶ್ನೆಗೆ ಆಕೆ ಉತ್ತರ ಕೊಟ್ಟಿರಲಿಲ್ಲ, ಬರೀ ಚುಚ್ಚಿದ್ದಳು. ಅದು ಆಕೆಯನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ. ಆ ಬೀಜ ಆ ನೆಲದಲ್ಲಿ ಯಾಕೆ ಬರಲಿಲ್ಲ, ತಪ್ಪು ಯಾರದು ಎಂಬುದನ್ನು ಕಣ್ಣಾರೆ ನೋಡಬೇಕಿತ್ತು.

ಏಪ್ರಿಲ್ಲಿನಲ್ಲಿ ಅಲ್ಲಿಗೆ ಮುಟ್ಟಿದಳು. ಊರಲ್ಲಿ ಮಾವಿನಕಾಯಿ ಉಪ್ಪಿಗೆ ಬಿದ್ದಿರುವ ಹೊತ್ತು, ಇಲ್ಲಿ ಬೆಟ್ಟದ ಹಿಮ ಇನ್ನೂ ಕರಗಿರಲಿಲ್ಲ. ಮೊದಲ ವಾರ ಉಸಿರಿಗಾಗಿ ಒದ್ದಾಡಿದಳು, ಮೂಗಿನಿಂದ ರಕ್ತ ಬಂತು. ಆಫೀಸಿನಲ್ಲಿ ಕಸ ಹೊಡೆದು, ಬುಖಾರಿ ಎಂಬ ತಗಡಿನ ಒಲೆ ಹೊತ್ತಿಸಿ, ಫೈಲು ಎತ್ತಿಟ್ಟು, ಚಹಾ ಕೊಟ್ಟು ಸಂಜೆ ಕೋಣೆಗೆ ಬಂದರೆ ಮಾತಿಗೊಂದು ಜೀವವಿಲ್ಲ. ಆಕೆಯ ಹಿಂದಿ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಹಣ್ಣಿನ ಗಾಡಿಯವರ ಹತ್ತಿರ ಕಲಿತದ್ದು, ಚೌಕಾಶಿಗೆ ಸಾಕು, ಸಂಕಟಕ್ಕೆ ಸಾಲದು. ಕ್ಯಾಂಪಿನವರು ಒಳ್ಳೆಯವರೇ. ಆದರೆ ಯರ್ರೆಪ್ಪನ ಹೆಸರು ಯಾರಾದರೂ ಎತ್ತಿದರೆ ಗಾದೆಮ್ಮ ಎದ್ದು ಹೋಗುತ್ತಿದ್ದಳು. ಎರಡು ಸಲ ಹಾಗೆ ಮಾಡಿದ ಮೇಲೆ ಯಾರೂ ಎತ್ತಲಿಲ್ಲ. ಆ ನಾಡಿನಲ್ಲಿ ಮರ್ಯಾದೆಗೆ ಮಾತಿನ ಕೊನೆಗೆ 'ಲೇ' ಹಚ್ಚುತ್ತಾರೆ. ಆಚೇ ಲೇ, ಅಂದರೆ ಅಕ್ಕಾವ್ರೇ ಎಂದಂತೆ. ಆಕೆಯನ್ನು ಲೇ ಅಂದವನು ಜಗತ್ತಿನಲ್ಲಿ ಒಬ್ಬನೇ ಇದ್ದ. ಮೊದಲ ಸಲ ಕೇಳಿದಾಗ ಚಹಾದ ಟ್ರೇ ಹಿಡಿದೇ ಹಿಂದಿರುಗಿ ನೋಡಿದಳು.

ಯರ್ರೆಪ್ಪನಿದ್ದ ಕೋಣೆ ಸಾಲಿನ ಕೊನೆಯದು. ಅದನ್ನೇ ಕೇಳಿ ಪಡೆದಿದ್ದಳು. ಕೋಣೆಯ ಹಿಂದೆ ಮಣ್ಣಿಟ್ಟಿಗೆಯ ಎತ್ತರದ ಗೋಡೆ, ಗೋಡೆಯಾಚೆ ಊರಿನ ಮುದುಕಿ ಆಂಗ್ಮೋಳ ಹೊಲ. ಕ್ಯಾಂಪಿನ ಮಗ್ಗುಲಿಗೆ ದಿನವಿಡೀ ನೆರಳು. ಹಿಮ ಕರಗಿದ ಮೇಲೆ ಒಂದು ದಿನ ಆ ನೆರಳಿನಲ್ಲಿ ಗಾದೆಮ್ಮನಿಗೆ ಗುಣಿಗಳು ಕಂಡವು. ಆರು ಗುಣಿ, ಒಂದೇ ಅಳತೆ, ಗೇಣುದ್ದ ಆಳ, ಗೋಡೆಯಿಂದ ಒಂದು ಮೊಳ ದೂರ. ಫೋನಿನಲ್ಲಿ ಹೇಳಿದ್ದು ಹೇಳಿದ ಹಾಗೆ ನೆಲದ ಮೇಲೆ ಇತ್ತು. ಆಕೆ ಗುಣಿಯ ಅಂಚಿನಲ್ಲಿ ಕೂತು ಒಳಗೆ ಕೈಯಿಟ್ಟು ನೋಡಿದಳು, ಅಂಚುಗಳನ್ನು ಅಂಗೈಯಿಂದ ತಟ್ಟಿ ನಯ ಮಾಡಿದ್ದು ಇನ್ನೂ ತಿಳಿಯುತ್ತಿತ್ತು.

ನೋಡಿದರೂ ಬುದ್ಧಿ ಬರಲಿಲ್ಲ. ಗುಣಿ ಸರಿಯಾಗಿವೆ, ಅಂದಮೇಲೆ ಕೆಟ್ಟದ್ದು ಕೈಯೇ ಎಂದುಕೊಂಡಳು. ಈಗ ತನ್ನ ಕೈ ಬಂದಿದೆಯಲ್ಲ. ಡಬ್ಬಿಯ ಬೀಜವನ್ನು ಮೂರು ಪಾಲು ಮಾಡಿ, ಒಂದು ಪಾಲು ನೆನೆಹಾಕಿ ಅದೇ ಗುಣಿಗಳಲ್ಲಿ ಬಿಟ್ಟಳು. ಊರಿಂದ ಹೊಸ ಬೀಜ ಎಷ್ಟು ಬೇಕಾದರೂ ತರಿಸಬಹುದಿತ್ತು, ಅಣ್ಣ ಕಳಿಸುತ್ತೇನೆ ಎಂದೂ ಅಂದ. ಬೇಡ ಅಂದಳು. ಬೆಳೆಯಬೇಕಾದದ್ದು ಅವನು ಮುಟ್ಟಿದ ಬೀಜ. ಸಂಜೆ ಕಾಲುವೆಯ ನೀರು ತಂದು ಗುಣಿ ತುಂಬಿಸಿದಳು. ಆ ನೀರು ಬೆಳಿಗ್ಗೆ ಬೆಟ್ಟದ ಮೇಲೆ ಹಿಮವಾಗಿದ್ದದ್ದು. ಗೋಡೆಯ ಸಂದಿನಲ್ಲಿ ಆಂಗ್ಮೋ ನಿಂತು ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಗಾದೆಮ್ಮ ಬೆನ್ನು ತಿರುಗಿಸಿದಳು. ತರಕಾರಿ ವಿಷಯದಲ್ಲಿ ಆಕೆಗೆ ಹೇಳಿಕೊಡಲು ಯಾರು ಬಂದಾರು.

ಹನ್ನೆರಡನೆಯ ದಿನ ಮಣ್ಣು ಕೆದರಿ ನೋಡಿದಳು. ಬೀಜ ಬೂಸಲು ಹಿಡಿದು ಮೆತ್ತಗಾಗಿದ್ದವು. ಬೆರಳಿಗೆ ಅಂಟಿದ್ದನ್ನು ನೋಡುತ್ತ ಕೂತಿದ್ದಾಗ ಗಾದೆಮ್ಮನಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ತಂಬ್ರಹಳ್ಳಿಯಲ್ಲಿ ಬಿಸಿಲು ವೈರಿ, ಆದ್ದರಿಂದ ನೆರಳು. ನೀರು ಕಡಿಮೆ, ಆದ್ದರಿಂದ ಗುಣಿ. ಇಲ್ಲಿ ವೈರಿ ಚಳಿ. ನೆರಳೆಂದರೆ ಚಳಿ, ಗುಣಿಯೆಂದರೆ ಚಳಿ ನಿಲ್ಲುವ ಬಾವಿ, ಸಂಜೆಯ ನೀರೆಂದರೆ ರಾತ್ರಿಯ ಮಂಜುಗಡ್ಡೆ. ಮೂರು ಮಾತಿನಲ್ಲಿ ಮೂರೂ ತಪ್ಪು. ಆರು ವರ್ಷ ಅವನು ಆಕೆ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದ್ದ, ಆರನೆಯ ವರ್ಷ ಆಕೆ ಅವನ ಕೈಗೆ ಹೆಸರಿಟ್ಟಿದ್ದಳು. ಗಾದೆಮ್ಮ ಅಲ್ಲಿಯೇ ಕೂತು ಅತ್ತಳು, ಹೆಣ ಬಂದ ದಿನವೂ ಅಷ್ಟು ಅತ್ತಿರಲಿಲ್ಲ.

ಎರಡನೆಯ ಬೇಸಿಗೆಗೆ ಆಕೆಯ ಕುತ್ತಿಗೆ ಸ್ವಲ್ಪ ಬಾಗಿತ್ತು. ಸಂದಿನ ಮೂಲಕ ಆಂಗ್ಮೋಳ ಹೊಲಕ್ಕೆ ಹೋಗಿ, ಗೋಡೆಯ ಬಿಸಿಲ ಮಗ್ಗುಲಲ್ಲಿ ಸ್ವಲ್ಪ ಜಾಗ ಕೊಡಿ ಎಂದು ಕೈಸನ್ನೆಯಲ್ಲಿ ಕೇಳಿದಳು. ಮುದುಕಿ ಯೋಚಿಸದೆ ಗೋಡೆಬುಡದ ಒಂದು ಪಟ್ಟಿ ತೋರಿಸಿದಳು. ಅಲ್ಲಿ ಮಣ್ಣು ಆಗಲೇ ಸಡಿಲವಾಗಿತ್ತು, ಯಾರೋ ಕಲ್ಲು ಆರಿಸಿ ಮೂಲೆಗೆ ಪೇರಿಸಿದ್ದರು. ಆಂಗ್ಮೋಳದೇ ಹಳೆಯ ಮಡಿ ಇರಬೇಕೆಂದುಕೊಂಡಳು. ಮುದುಕಿ ಮಾಡುವುದನ್ನು ನೋಡಿ ನೋಡಿ ಕಲಿತಳು: ಮಡಿ ನೆಲಕ್ಕಿಂತ ಎತ್ತರವಿರಬೇಕು, ಕಾಲುವೆಯ ನೀರನ್ನು ಕರಿಯ ಡ್ರಮ್ಮಿನಲ್ಲಿ ತುಂಬಿ ಮಧ್ಯಾಹ್ನದವರೆಗೆ ಬಿಸಿಲಿಗಿಟ್ಟು ಆಮೇಲೆ ಹಾಕಬೇಕು, ಬೀಜ ರೋಹಿಣಿ ಮಳೆಯ ಕಾಲಕ್ಕಿಂತ ಮೊದಲು ಮಣ್ಣು ಮುಟ್ಟಬಾರದು. ರೋಹಿಣಿಯೆಂದು ಮುದುಕಿ ಹೇಳಲಿಲ್ಲ, ಏಪ್ರಿಕಾಟು ಗಿಡದ ಹೂ ಉದುರಿ ಕಾಯಿ ಕಟ್ಟಿದ ಮೇಲೆ ಎಂದಳು. ಗಾದೆಮ್ಮ ದಿನ ಎಣಿಸಿ ನೋಡಿದರೆ ರೋಹಿಣಿಯೇ. ಎಲ್ಲೋ ಒಂದು ಕಡೆ ಊರಿನ ಲೆಕ್ಕ ಹೊಂದಿತಲ್ಲ ಎಂದು ಎಷ್ಟೋ ದಿನದ ಮೇಲೆ ನಗು ಬಂತು.

ಪುಂಡಿ ಮೊಳೆಯಿತು. ಕೆಂಪು ಕಡ್ಡಿ, ಎರಡೆಲೆ. ಗಾದೆಮ್ಮ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿದಳು. ಆದರೆ ಮೂರನೆಯ ಎಲೆ ಬರಲೇ ಇಲ್ಲ. ಮೇಲೆ ಬಿಸಿಲು ಚುರುಗುಟ್ಟಿದರೂ ಬೆರಳು ಮಣ್ಣಿಗಿಳಿಸಿದರೆ ತಣ್ಣಗೆ ಕೊರೆಯುತ್ತಿತ್ತು. ಪುಂಡಿಗೆ ಕಾಲು ಬೆಚ್ಚಗಿರಬೇಕು. ಗಿಡಗಳು ಒಂದು ತಿಂಗಳು ಹಾಗೆಯೇ ನಿಂತು, ಹಳದಿಯಾಗಿ, ಒಂದೊಂದೇ ಮಲಗಿದವು. ಎರಡನೆಯ ಪಾಲೂ ಹೋಯಿತು. ಇನ್ನೊಂದು ಬೇಸಿಗೆ ಉಳಿದಿತ್ತು, ಅದಾದ ಮೇಲೆ ವರ್ಗ.

ಚಳಿಗಾಲದಲ್ಲಿ ಆರು ತಿಂಗಳು ಮಣ್ಣು ಕಲ್ಲಾಗುತ್ತದೆ. ಆಫೀಸು ಮುಗಿಸಿ ಕೋಣೆಗೆ ಬಂದು ಗೋಡೆ ನೋಡುವುದು ಸಾಕಾಗಿ, ಗಾದೆಮ್ಮ ಆಂಗ್ಮೋಳ ಅಡುಗೆಮನೆಗೆ ಹೋಗಿ ಕೂರತೊಡಗಿದಳು. ಮುದುಕಿ ಸದಾ ಉಣ್ಣೆ ನೂಲುತ್ತಿದ್ದಳು. ದ್ಯಾಮಕ್ಕನ ಹತ್ತಿರ ಒಲ್ಲದ ಮನಸ್ಸಿನಿಂದ ಕಲಿತ ನೂಲುವಿಕೆ ಗಾದೆಮ್ಮನ ಬೆರಳಿನಲ್ಲಿ ಇನ್ನೂ ಇತ್ತು. ಒಂದು ದಿನ ಕೇಳದೆಯೇ ಉಣ್ಣೆ ಎಳೆದುಕೊಂಡು ನೂಲಿದಳು. ಮುದುಕಿ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಬುಟ್ಟಿ ಮುಂದಿಟ್ಟಳು. ಹೀಗೆ ಮಾತಿಲ್ಲದೆ ಇಬ್ಬರೂ ನೂಲುತ್ತಿದ್ದರು. ಒಬ್ಬಂಟಿತನ ಹೋಗಲಿಲ್ಲ. ಆದರೆ ಅದಕ್ಕೆ ಕೂರಲು ಬೆಚ್ಚನೆಯ ಜಾಗವಾಯಿತು.

ಫೆಬ್ರುವರಿಯ ಒಂದು ಬೆಳಿಗ್ಗೆ ಗಾದೆಮ್ಮ ಆಂಗ್ಮೋಳ ಕುರಿದೊಡ್ಡಿಯ ಮುಂದೆ ಹಾದಳು. ಕಣಿವೆಯೆಲ್ಲ ಬಿಳಿ. ದೊಡ್ಡಿಯ ಮೂಲೆಗೆ ಎಳೆದು ಹಾಕಿದ್ದ ಹಿಕ್ಕೆಯ ರಾಶಿಯ ನೆತ್ತಿ ಮಾತ್ರ ಕಪ್ಪಗೆ, ಅದರಿಂದ ಹಬೆ ಏಳುತ್ತಿತ್ತು. ಬಿದ್ದ ಹಿಮ ಅಲ್ಲಿ ನಿಂತಿರಲಿಲ್ಲ. ಆಕೆ ಕೈಗವಸು ತೆಗೆದು ಮೊಣಕೈವರೆಗೆ ತೋಳು ತೂರಿಸಿದಳು. ಒಲೆಯಂಥ ಕಾವು. ಅಪ್ಪ ನನ್ನನ್ನ ಹಿಕ್ಕಿ ಮ್ಯಾಲ ಮಲಗಿಸ್ತಿದ್ದ ಎಂದವನ ಮುಖ, ತಾನು ಮೂಗು ಮುಚ್ಚಿಕೊಂಡದ್ದು ನೆನಪಾದವು. ಊರಲ್ಲಿ ಕುರಿಗೊಬ್ಬರವೆಂದರೆ ಹೆದರುತ್ತಾರೆ. ಅದು ಬಿಸಿ, ಮಳೆ ಬೀಳದೆ ಹಸಿಯದನ್ನು ಹಾಕಿದರೆ ಬೆಳೆ ಸುಟ್ಟುಹೋಗುತ್ತದೆ ಎಂದು ಗಾದೆಮ್ಮನ ಅಪ್ಪ ನೂರು ಸಲ ಎಚ್ಚರಿಸಿದ್ದ. ಊರಲ್ಲಿ ಹೆದರುವ ಆ ಬಿಸಿಯೇ ಇಲ್ಲಿ ಬೇಕಾದದ್ದು. ತರಕಾರಿಯವರ ಮಗಳಿಗೆ ಎರಡು ವರ್ಷ ಹೊಳೆಯದ್ದನ್ನು ಕುರಿಯವರ ಹುಡುಗ ಎಂದೋ ಹೇಳಿ ಮುಗಿಸಿದ್ದ.

ಆದರೆ ಆ ನಾಡಿನಲ್ಲಿ ಹಿಕ್ಕೆ ಗೊಬ್ಬರಕ್ಕಿಂತ ಮೊದಲು ಉರುವಲು. ಒಣಗಿಸಿಟ್ಟರೆ ಚಳಿಗಾಲವೆಲ್ಲ ಒಲೆ ಉರಿಯುವುದು ಅದರಿಂದ. ಅದನ್ನು ಮಣ್ಣಲ್ಲಿ ಹೂಳುತ್ತೇನೆ ಕೊಡು ಎನ್ನುವುದು ಹೊಟ್ಟೆಗಿಟ್ಟುಕೊಂಡ ಹಿಟ್ಟನ್ನು ಕೇಳಿದ ಹಾಗೆ. ಆದರೂ ಗಾದೆಮ್ಮ ಕೇಳಿದಳು, ಆಂಗ್ಮೋ ಆಕೆಯ ಮುಖ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ನೂಲದ ಉಣ್ಣೆಯ ಮೂಟೆಗಳನ್ನು ತೋರಿಸಿದಳು. ಮೇ ಬರುವವರೆಗೆ ಗಾದೆಮ್ಮ ಅದಷ್ಟನ್ನೂ ನೂಲಿ ಮುಗಿಸಿದಳು.

ಗೋಡೆಬುಡದ ಪಟ್ಟಿಯಲ್ಲಿ ಮೊಣಕಾಲುದ್ದ ಅಗೆದು, ಹಸಿ ಹಿಕ್ಕೆ ತುಂಬಿ, ಬೆಚ್ಚನೆಯ ನೀರು ಚಿಮುಕಿಸಿ ತುಳಿದಳು. ಮೇಲೆ ಒಂದು ಗೇಣು ಮಣ್ಣು ಹರಡಿದಳು. ಕೂಡಲೇ ಬಿತ್ತಲಿಲ್ಲ, ಮೊದಲ ಕಾವು ಬೀಜ ಬೇಯಿಸುವಂಥದ್ದು. ದಿನಾ ತೋಳು ತೂರಿಸಿ ನೋಡಿದಳು. ಹದಿಮೂರನೆಯ ದಿನ ಕೈ ಅಲ್ಲೇ ಇಟ್ಟುಕೊಳ್ಳಬೇಕೆನಿಸುವಷ್ಟು ಹಿತವಾಯಿತು. ಅಂದು ಮೂರನೆಯ ಪಾಲಿನ ಬೀಜ ಬಿತ್ತಿದಳು. ಎಂಟು ಬೀಜ ಮಾತ್ರ, ಭಯಕ್ಕೆ, ಡಬ್ಬಿಯ ತಳದಲ್ಲಿ ಬಿಟ್ಟಳು. ಹಗಲು ಪ್ಲಾಸ್ಟಿಕ್ ಹಾಳೆ, ಹೊತ್ತು ಇಳಿದ ಕೂಡಲೇ ಅದರ ಮೇಲೆ ಯರ್ರೆಪ್ಪನ ಕರಿ ಕಂಬಳಿ. ಕಂಬಳಿ ಹೊದಿಸಿ ಅಂಚು ಸಿಕ್ಕಿಸುವಾಗ ಆಕೆಗೆ ಮಡಿಯಲ್ಲಿ ಯಾರೋ ಮಲಗಿದ್ದಾರೆ ಅನ್ನಿಸುತ್ತಿತ್ತು, ತಾನೊಬ್ಬಳೇ ಇದ್ದುದರಿಂದ ಹಾಗೆ ಅನ್ನಿಸಿಕೊಳ್ಳಲು ನಾಚಿಕೆಯಾಗಲಿಲ್ಲ.

ಐದನೆಯ ದಿನಕ್ಕೆ ಮೊಳಕೆ. ಮೂರನೆಯ ಎಲೆ ಬಂತು, ಐದನೆಯದು ಬಂತು. ಜುಲೈ ಮುಗಿಯುವಷ್ಟರಲ್ಲಿ ಪುಂಡಿ ಮೊಣಕಾಲುದ್ದ ನಿಂತಿತು. ಸೊಂಟದುದ್ದವಲ್ಲ, ಮೊಣಕಾಲುದ್ದ. ಗಾದೆಮ್ಮ ಅಷ್ಟಕ್ಕೆ ಗೋಡೆಗೆ ಒರಗಿ ನಿಂತು ಉಸಿರು ಬಿಟ್ಟಳು.

ಆಗಸ್ಟಿನ ಒಂದು ಭಾನುವಾರ ಎಲೆ ಕಿತ್ತಳು. ಅಣ್ಣ ಕಳಿಸಿದ್ದ ಜೋಳದ ನುಚ್ಚು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುದಿಸಿ ತಿರುವಿದಳು. ರೊಟ್ಟಿ ಬಡಿದು ಬುಖಾರಿಯ ಮೇಲೆ ಬೇಯಿಸಿದಳು. ಒಂದು ತಟ್ಟೆ ಬಡಿಸಿ ಅವನ ಟ್ರಂಕಿನ ಮೇಲಿಟ್ಟು, ನಂತರ ತಾನು ಉಂಡಳು. ಗಂಟಲಲ್ಲಿ ಇಳಿಯುವಾಗ ಆ ಹುಳಿ ತಂಬ್ರಹಳ್ಳಿಯದೇ ಆಗಿತ್ತು. ತಪ್ಪು ನಂದಿತ್ತು ಎಂದು ತಟ್ಟೆಗೆ ಹೇಳಿದಳು. ಮೂರು ಬೇಸಿಗೆಯ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡಳು.

ಮಧ್ಯಾಹ್ನ ಒಂದು ಬಟ್ಟಲು ಆಂಗ್ಮೋಳಿಗೆ ಒಯ್ದಳು. ಮುದುಕಿ ಬೆರಳಲ್ಲಿ ನೆಕ್ಕಿ, ಹುಳಿಗೆ ಕಣ್ಣು ಮುಚ್ಚಿ, ಮತ್ತೆ ನೆಕ್ಕಿದಳು. ಆಮೇಲೆ ಮಡಿಯ ಕಡೆ ನೋಡಿ, ಮೂರು ಬೇಸಿಗೆಯಿಂದ ಎತ್ತದ ಮಾತನ್ನು ತನ್ನ ಹರಕು ಹಿಂದಿಯಲ್ಲಿ ಎತ್ತಿದಳು. ಗಾದೆಮ್ಮ ಏಳಲಿಲ್ಲ. ಆ ಪಟ್ಟಿ ನಿನ್ನ ಗಂಡನದೇ ಅಂದಳು ಮುದುಕಿ. ಕಲ್ಲು ಆರಿಸಿದವನು ಅವನೇ. ಪ್ರತಿ ವರ್ಷ ಅಲ್ಲಿ ಮೂಲಂಗಿ, ಟರ್ನಿಪ್ಪು, ಪಾಲಕ್ ಬೆಳೆಯುತ್ತಿದ್ದ, ಅರ್ಧ ಮುದುಕಿಗೆ ಕೊಡುತ್ತಿದ್ದ. ಮೂಲಂಗಿ ಎಷ್ಟುದ್ದವೆಂದು ಮುದುಕಿ ಮೊಣಕೈಗೆ ಕೈ ಹಚ್ಚಿ ತೋರಿಸಿದಳು. ಅವನ ಕೈಯಲ್ಲಿ ಏನು ಹಾಕಿದರೂ ಬರುತ್ತಿತ್ತು ಎಂದಳು.

ಗಾದೆಮ್ಮನಿಗೆ ಅರ್ಥವಾಗಲಿಲ್ಲ. ಮತ್ತೆ ಆಚೆಯ ಗುಣಿ ಯಾಕೆ ಎಂದು ಕೇಳಿದಳು.

"ನಾನೂ ಅದನ್ನೇ ಕೇಳುತ್ತಿದ್ದೆ," ಎಂದಳು ಆಂಗ್ಮೋ. "ಅಲ್ಲಿ ಬರೋದಿಲ್ಲ, ಇಲ್ಲಿ ಬಿಸಿಲಿಗೆ ಹಾಕು ಅಂತ ಪ್ರತಿ ವರ್ಷ ಹೇಳಿದೆ. ಅವನು ನಗುತ್ತಿದ್ದ. ಗೊತ್ತು ಆಮಾ, ಬಂದುಬಿಟ್ಟರೆ ಮನೆಯವಳಿಗೆ ಏನಂತ ಫೋನು ಮಾಡಲಿ ಅನ್ನುತ್ತಿದ್ದ."

ಗಾದೆಮ್ಮ ಬಟ್ಟಲು ತೊಳೆದು ವಾಪಸು ತೆಗೆದುಕೊಂಡು ಬಂದಳು. ಹೇಗೆ ಬಂದಳೆಂದು ಆಕೆಗೆ ತಿಳಿಯಲಿಲ್ಲ. ವೈಶಾಖದ ಅರ್ಧ ತಾಸಿಗಾಗಿ ಅವನು ಆರು ವರ್ಷ ಬೀಜ ಕೊಳೆಸಿದ್ದ. ಉಳಿದ ಹನ್ನೊಂದು ತಿಂಗಳು ಊಟ ಆಯ್ತಾ, ಆಯ್ತು. ಆ ಅರ್ಧ ತಾಸನ್ನು ಆಕೆ ಒಂದು ಮಾತಿನಲ್ಲಿ ಕಿತ್ತುಕೊಂಡಿದ್ದಳು, ಅವನು ಹೌದು ಬಿಡು ಅಂದಿದ್ದ, ಮೊಣಕೈಯುದ್ದದ ಮೂಲಂಗಿ ಬೆಳೆದ ಮನುಷ್ಯ.

ಎರಡು ದಿನ ಆಕೆ ಆಂಗ್ಮೋಳ ಮನೆಯ ಕಡೆ ಹೋಗಲಿಲ್ಲ. ಮೂರನೆಯ ದಿನ ವರ್ಗದ ಕಾಗದ ಬಂತು, ಸೆಪ್ಟೆಂಬರಿನಲ್ಲಿ ಹೊರಡಬೇಕು. ಅಷ್ಟರಲ್ಲಿ ಹಿಮಮಂಜು ಬಿದ್ದು ಪುಂಡಿ ಕರಕಾಗುತ್ತದೆ, ಹೂವಾಗಿ ಬೀಜ ಕಟ್ಟುವಷ್ಟು ಕಾಲ ಆ ನೆಲ ಕೊಡುವುದಿಲ್ಲ. ಡಬ್ಬಿಯ ಎಂಟು ಬೀಜವೇ ಕೊನೆ. ಅದನ್ನು ಊರಿಗೆ ಒಯ್ಯಬಹುದಿತ್ತು. ತಂಬ್ರಹಳ್ಳಿಯ ಮಣ್ಣಿನಲ್ಲಿ ಎಂಟೂ ಸೊಂಟದುದ್ದ ಬರುತ್ತಿದ್ದವು.

ಗಾದೆಮ್ಮ ಅವನ್ನು ನೆನೆಹಾಕಿದಳು. ಮರುದಿನ ಹೊತ್ತು ಇಳಿಯುವಾಗ ಗೋಡೆಯ ನೆರಳಿನ ಮಗ್ಗುಲಿಗೆ ಹೋಗಿ, ಆರು ಗುಣಿಗಳ ಅಂಚನ್ನು ಅಂಗೈಯಿಂದ ತಟ್ಟಿ ಸರಿಮಾಡಿ, ಎಂಟೂ ಬೀಜ ಬಿಟ್ಟು ಮಣ್ಣೆಳೆದಳು. ಡ್ರಮ್ಮಿನ ಬೆಚ್ಚನೆಯ ನೀರು ಮುಟ್ಟಲಿಲ್ಲ. ಕಾಲುವೆಯಿಂದ ಕೊರೆಯುವ ನೀರು ತಂದು ಗುಣಿ ತುಂಬಿಸಿದಳು. ಆಮೇಲೆ ಸೆರಗು ಸುತ್ತಿಕೊಂಡು ಗೋಡೆಗೆ ಒರಗಿ ಕೂತಳು.

"ಹೇಳ್ತೀನಿ ಕೇಳು," ಎಂದಳು. "ಮೊದಲು ಬೀಜ ನೆನೆಹಾಕಬೇಕು."

ನೆನೆಹಾಕುವಲ್ಲಿಂದ ಶುರುಮಾಡಿ ಎಷ್ಟು ಆಳ, ಎಷ್ಟು ದೂರ, ಮೊದಲ ಕಳೆ ಯಾವಾಗ, ಎರಡನೆಯದು ಯಾವಾಗ, ಎಲೆ ಕೀಳುವಾಗ ಕುಡಿ ಯಾಕೆ ಬಿಡಬೇಕು ಎಂಬುದನ್ನೆಲ್ಲ ಹೇಳಿದಳು. ನೆರಳು ದಟ್ಟವಾಗಿ ಬೆರಳು ಸೆಟೆದರೂ ಎದ್ದು ಹೋಗಲಿಲ್ಲ, ಅರ್ಧ ತಾಸಿಗಿಂತ ಹೆಚ್ಚೇ ಆಗಿರಬೇಕು. ಅವನು ನಡುವೆ ಮಾತಾಡುತ್ತಿರಲಿಲ್ಲ, ಯಾವತ್ತೂ ಹಾಗೆಯೇ ಕೇಳುತ್ತಿದ್ದ.